ಪಿನ್ನು ಕೂತಿತು, ದೀಪ ಹತ್ತಲಿಲ್ಲ

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಒಂದು ಕಟ್ಟಳೆ ಇತ್ತು. ಜೋಳಿಗೆಗೆ ಬಿದ್ದದ್ದನ್ನು ಆರಿಸಬಾರದು, ಹಳಿಯಬಾರದು. ತಂಗಳು ರೊಟ್ಟಿ ಬಂದರೂ ಪ್ರಸಾದ, ಹೋಳಿಗೆ ಬಂದರೂ ಪ್ರಸಾದ.

ಭಕ್ತರೊಬ್ಬರು ಬಳಸಿ ಬಿಟ್ಟ ಲ್ಯಾಪ್‌ಟಾಪೂ ಹಾಗೆಯೇ ಬಂದು ಸೇರಿತ್ತು. ಅಲ್ಲಿನ ಗುರು ಮುಪ್ಪಯ್ಯಜ್ಜನವರು ತತ್ವಪದಗಳಿಗೆ ಹೇಳಿದ ಅರ್ಥವನ್ನೆಲ್ಲ ಶಿಷ್ಯ ಅಡಿವೆಪ್ಪ ಅದರಲ್ಲಿ ಟೈಪು ಮಾಡಿಟ್ಟಿದ್ದ. ಬೇರೆಲ್ಲೂ ಇರಲಿಲ್ಲ. ಈಗ ಅಜ್ಜನವರ ಗಂಟಲು ಬಿದ್ದುಹೋಗಿತ್ತು. ನಾಲ್ಕು ಮಾತಾಡಿದರೆ ದಣಿವು. ಎಲ್ಲವನ್ನೂ ಇನ್ನೊಮ್ಮೆ ಹೇಳಿಸುವುದು ಆಗದ ಮಾತು.

ಅಂಥದ್ದರಲ್ಲಿ ಲ್ಯಾಪ್‌ಟಾಪಿನ ಅಡಾಪ್ಟರನ್ನು ಇಲಿ ಕಡಿದು ಹಾಕಿತು.

ಅಡಿವೆಪ್ಪ ಚಿಂತೆ ಮಾಡಲಿಲ್ಲ. ಭಜನೆಯ ಶ್ರುತಿಪೆಟ್ಟಿಗೆಗೂ ಒಂದು ಅಡಾಪ್ಟರಿತ್ತಲ್ಲ! ತಂದು ಚುಚ್ಚಿದ. ಪಿನ್ನು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಹಿಗ್ಗಿನಲ್ಲಿ ಬರೆಯಲು ಕುಳಿತವನು, ಚಾರ್ಜಿನ ದೀಪ ಹತ್ತಿಲ್ಲವೆಂಬುದನ್ನೇ ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಬರಿದಾಗಿ ಪರದೆ ಕಪ್ಪಾಯಿತು. ಗುಂಡಿ ಒತ್ತಿದ. ಇಲ್ಲ. ಮತ್ತೆ ಒತ್ತಿದ. ಉಸಿರೇ ಇಲ್ಲ.

ಅಡಿವೆಪ್ಪನ ಜೀವ ಬಾಯಿಗೆ ಬಂತು. ಅಷ್ಟು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಕಣ್ಣು ತುಂಬಿತು. “ಕಸುವು ಸಾಲವಲ್ದು ಇದಕ್ಕ,” ಎಂದವನೇ ಓಡಿಹೋಗಿ ವಾಟರ್ ಫಿಲ್ಟರಿನ ಅಡಾಪ್ಟರು ಕಿತ್ತು ತಂದ. ಅದು ಇನ್ನೂ ದಪ್ಪಗಿತ್ತು.

ಅಜ್ಜನವರು ಕಟ್ಟೆಯ ಮೇಲಿಂದ ನೋಡುತ್ತಿದ್ದರು. ಕೂಗಲು ದನಿಯಿಲ್ಲ. ಎದ್ದು ಬಂದು, ಪಿನ್ನು ಕೂರುವ ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು.

“ಬೆರಳು ತಗೀರಿ ಅಜ್ಜಾರ. ಇದರ ಪಿನ್ನೂ ಕೂಡ್ತೈತಿ.”

“ಕೂಡೂದು ಕೂಡ್ತೈತಿ. ಅದಕ್ಕ ಏನು ಬೇಕಂತ ಕೇಳಿದೇನು?”

“ಕೇಳೂದೇನ್ರೀ? ಬಂದದ್ದನ್ನ ಬ್ಯಾಡ ಅನಬಾರದಂತ ನೀವ ಹೇಳೀರಲ್ರೀ.”

“ಅದು ನಿನಗ ಹೇಳಿದ್ದು. ಈ ಯಂತ್ರ ಯಾವಾಗ ದೀಕ್ಷಾ ತಗೊಂತೋ?”

ಪೂರ್ವಾಶ್ರಮದಲ್ಲಿ ಅಜ್ಜನವರು ಕರೆಂಟಿನ ಕಂಬ ಹತ್ತುತ್ತಿದ್ದ ಲೈನ್‌ಮನ್. ಅಂಥವರ ಮುಂದೆ ಇವನು ಅಡಾಪ್ಟರಿನ ಜಾಣತನ ತೋರಿಸಲು ಹೋಗಿದ್ದ, ಹೋಗಲಿ ಬಿಡಿ.

“ಬೋರಲಾ ಹಾಕು. ಏನು ಬರದೈತಿ ಓದು.”

ಲ್ಯಾಪ್‌ಟಾಪಿನ ಅಡಿಯಲ್ಲಿ ಸಣ್ಣ ಅಕ್ಷರಗಳಿದ್ದವು. ಹತ್ತೊಂಬತ್ತು ವೋಲ್ಟು, ಮೂರು ಆಂಪಿಯರು. ಶ್ರುತಿಪೆಟ್ಟಿಗೆಯದು ಹನ್ನೆರಡು ವೋಲ್ಟು. ಕೈಯಲ್ಲಿ ಹಿಡಿದದ್ದು ಇಪ್ಪತ್ನಾಲ್ಕು.

“ಇದನ್ನ ಚುಚ್ಚಿದ್ದರ, ಅಜ್ಜಾರ?”

“ಸುಟ್ಟು ಹೋಗಬಹುದಿತ್ತು.”

ಅಡಿವೆಪ್ಪ ಆ ಅಡಾಪ್ಟರನ್ನು ಚೇಳು ಹಿಡಿದವನಂತೆ ದೂರ ಇಟ್ಟ.

ಮರುದಿನ ಪೇಟೆಗೆ ಹೋಗಿ, ಲ್ಯಾಪ್‌ಟಾಪನ್ನೇ ಅಂಗಡಿಯವರ ಮುಂದಿಟ್ಟು ಅಡಾಪ್ಟರು ತಂದ. ಪಿನ್ನು ಸರಿ, ವೋಲ್ಟು ಸರಿ, ಪ್ಲಸ್ಸು ಮೈನಸ್ಸಿನ ಗುರುತೂ ಸರಿ. ಆದರೂ ಚುಚ್ಚದೆ ಬಾಗಿಲಲ್ಲೇ ನಿಂತುಬಿಟ್ಟ. ಬಿಸಿ ಹಾಲು ಕುಡಿದವನು ಮಜ್ಜಿಗೆಯನ್ನೂ ಆರಿಸಿ ಕುಡಿದನಂತೆ.

“ಏನಾತೋ?”

“ಆಂಪಿಯರು ನಾಕೂವರಿ ಐತ್ರೀ. ಇದಕ್ಕ ಮೂರ ಸಾಕಲ್ಲ? ವಾಪಸ್ ಒಯ್ಯಲೇನು?”

“ವೋಲ್ಟು ಅಂದ್ರ ನೂಕೂ ಕಸುವು. ಅದು ಸರಿಸಮ ಇರಬೇಕು. ಆಂಪಿಯರು ಅಂದ್ರ ಎಷ್ಟು ಕೊಡಾಕ ಆಗ್ತೈತಿ ಅನ್ನೂದು. ಅದು ಕಮ್ಮಿ ಇರಬಾರದು. ಹೆಚ್ಚಿದ್ದರ ಅಡ್ಡಿ ಇಲ್ಲ.”

“ಹೆಚ್ಚಿನದು ಒಳಗ ನುಗ್ಗೂದಿಲ್ಲೇನ್ರೀ?”

“ದಾಸೋಹದಾಗ ಕೊಪ್ಪರಿಗಿ ತುಂಬ ಅಂಬಲಿ ಇರ್ತೈತಿ. ಎಲ್ಲಾ ನಿನ್ನ ತಾಟಿಗೇ ಬೀಳ್ತೈತೇನು? ಇದೂ ಹಂಗ, ಬೇಕಾದಷ್ಟ ಎಳಕೊಂತೈತಿ.”

ಅಡಿವೆಪ್ಪ ಕಣ್ಣು ಮುಚ್ಚಿ ಪಿನ್ನು ಕೂರಿಸಿದ. ಕಣ್ಣು ಬಿಟ್ಟಾಗ ಪುಟ್ಟ ದೀಪ ಹತ್ತಿತ್ತು.

ಸ್ವಲ್ಪ ಹೊತ್ತಿಗೆ ಪರದೆ ಬೆಳಗಿತು. ಮೊದಲ ಪದದಿಂದ ಕೊನೆಯ ಪದದವರೆಗೆ ನೋಡಿದ. ಎಲ್ಲ ಇತ್ತು. ಅಲ್ಲೇ ಕುಸಿದು ಕುಳಿತು ಅತ್ತ, ಅಳುತ್ತಲೇ ನಕ್ಕ. ಹೋದ ಜೀವ ಬಂದಂತಾಯಿತು.

“ಒಂದಕ್ಷರ ಹೋಗಿಲ್ರೀ ಅಜ್ಜಾರ!”

“ಹಂಗಾರ ಮೊದಲು ಇನ್ನೊಂದು ಕಡೆ ನಕಲು ಮಾಡಿಡು. ಆಮ್ಯಾಲೆ ಅಳು.”

ಅಜ್ಜನವರಿಗೂ ಹಗುರಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. ಅದನ್ನು ಕಂಡು ಅಡಿವೆಪ್ಪನಿಗೆ ಧೈರ್ಯ ಬಂತು. ಬಹಳ ದಿನದಿಂದ ಒಳಗೇ ಕುದಿಯುತ್ತಿದ್ದ ಮಾತನ್ನು ಕೇಳಿಯೇಬಿಟ್ಟ.

“ಅಜ್ಜಾರ, ನಿಮ್ಮ ಕಡೆ ಅರಿವು ಅಷ್ಟು ತುಂಬಿ ತುಳುಕ್ತಿತ್ತು. ನನಗ ಯಾಕ ಇಷ್ಟಿಷ್ಟ ಕೊಟ್ರಿ?”

ಅಜ್ಜನವರು ಒಡೆದ ದನಿಯಲ್ಲಿ ನಕ್ಕರು.

“ನಾ ಯಾವತ್ತ ಅಳದು ಕೊಟ್ಟೀನೋ ತಮ್ಮಾ? ನೀ ಎಳಕೊಂಡಷ್ಟು ಬಂದೈತಿ.”