ಆಮೆಯಜ್ಜಿಯ ಪದ್ಯ, ನರಿಯ ತಿದ್ದುಪಡಿ

ಕಾರ್ತಿಕ ಶುದ್ಧ ತದಿಗೆ. ಬೆಳಗಿನ ಮಂಜು ಕರಗಿ ಎಳೆಬಿಸಿಲು ಬಿದ್ದಿತ್ತು. ಒಂದು ಕಾಡಿನಲ್ಲಿ, ಕೆರೆಯ ದಂಡೆಯ ಮೇಲೆ, ಮೊಲದ ಮರಿಗಳು ಪದ್ಯ ಹೇಳುತ್ತ ಕುಪ್ಪಳಿಸುತ್ತಿದ್ದವು. ಪದಕ್ಕೊಂದು ನೆಗೆತ, ಸಾಲಿಗೆ ಮೂರು ನೆಗೆತ.

ಗುಂಡನು ತೇಲುವ ಕೊರಡನು
ಹತ್ತಿದ, ಹತ್ತಿದ, ಹತ್ತಿದ;
ಕೊರಡದು ಬಾಯಿಯ ತೆರೆಯಿತು
ಮೆತ್ತಗೆ, ಮೆತ್ತಗೆ, ಮೆತ್ತಗೆ;
ಹೊಟ್ಟೆಯ ಒಳಗಡೆ ಗುಂಡಗೆ
ಕತ್ತಲೆ, ಕತ್ತಲೆ, ಕತ್ತಲೆ.

ಪದ್ಯ ಕಟ್ಟಿದ್ದು ಆಮೆಯಜ್ಜಿ. ಆ ಕೆರೆಯ ಮೊಸಳೆ ಕೊರಡಿನ ಹಾಗೆ ತೇಲಿ, ಹತ್ತಿದ ಮರಿಗಳನ್ನು ನುಂಗುತ್ತಿತ್ತು. ತಾಯಂದಿರು ಎಷ್ಟು ಗದರಿಸಿದರೂ ಮರಿಗಳು ಮರೆಯುತ್ತಿದ್ದವು. ಅಜ್ಜಿ ಒಂದು ಮಳೆಗಾಲವಿಡೀ ನೆಲಕ್ಕೆ ಕಾಲು ತಟ್ಟಿ ತಟ್ಟಿ ಪದ ಹುಡುಕಿದಳು. ತೂಕ ತಪ್ಪಿದ ಒಂದು ಪದವನ್ನೂ ಉಳಿಸಲಿಲ್ಲ. ಆಮೇಲೆ ಒಂದು ಮರಿಯೂ ಕೊರಡು ಹತ್ತಲಿಲ್ಲ.

ಹಸಿದ ಮೊಸಳೆ ನರಿಯನ್ನು ಕರೆಯಿತು. "ಆ ಪದ್ಯ ಕೆಡಿಸು. ಸಿಕ್ಕ ಮೊದಲ ಮೊಲದಲ್ಲಿ ಅರ್ಧ ನಿನ್ನ ಕೂಲಿ."

"ಅದೇನು ಮಹಾ? ಕೊನೆ ತಿದ್ದಿದರಾಯಿತು," ಎಂದಿತು ನರಿ.

ಅದು ದಂಡೆಗೆ ಬಂದು ಹೇಳಿತು: "ಮಕ್ಕಳೇ, ಅಜ್ಜಿಗೆ ವಯಸ್ಸಾಯಿತು, ಕೊನೆ ಮರೆತಿದ್ದಾಳೆ. ಹೀಗೆ ಹೇಳಿ: ಗುಂಡನು ಕೊರಡಿನ ಮೇಲೆ ಕುಳಿತು ಸುಖವಾಗಿ ಆಚೆ ದಡಕ್ಕೆ ಹೋಗಿ ಗೆಣಸು ತಿಂದನು."

ಮರಿಗಳು ನೆಗೆದು ನೋಡಿದವು. ನಾಲ್ಕನೆಯ ನೆಗೆತಕ್ಕೆ ಒಂದರ ಮೇಲೊಂದು ಬಿದ್ದವು.

"ನರಿಮಾವ, ಇದರಲ್ಲಿ ಕಾಲಿಡೋಕೆ ಜಾಗವೇ ಇಲ್ಲ," ಎಂದಿತು ಒಂದು ಮರಿ.

"ಅಜ್ಜಿಯ ಪದ್ಯ ಹೀಗೆ ಕುಂಟೋದಿಲ್ಲ. ಇದು ನೀನೇ ಸೇರಿಸಿದ್ದು," ಎಂದಿತು ಇನ್ನೊಂದು.

"ಮಾತು ನಿಜವೋ ಅಲ್ಲವೋ ನೋಡಿ. ಕುಣಿತ ಯಾಕೆ?"

"ನಿಜವಾದರೆ ನೀನೇ ಹತ್ತಿ ತೋರಿಸು, ಮಾವ."

ಒಪ್ಪಂದವಿದೆಯಲ್ಲ ಎಂಬ ಧೈರ್ಯದಿಂದ ನರಿ ಮೊಸಳೆಯ ಬೆನ್ನೇರಿತು. ಮೊಸಳೆಗೆ ಎಂಟು ದಿನದ ಹಸಿವು. ಕೊರಡು ಹೊರಳಿ ಬಾಯಿ ತೆರೆಯಿತು. ದಂಡೆಯ ಮೇಲೆ ಮರಿಗಳ ಬಾಯಿಂದ ತಾನಾಗಿಯೇ ಬಂತು: "ಮೆತ್ತಗೆ, ಮೆತ್ತಗೆ..."

ಮುಂದಿನ ಸಾಲು ನರಿಗೂ ಬಾಯಿಪಾಠವಾಗಿತ್ತು. ಮೂರನೆಯ 'ಮೆತ್ತಗೆ'ಗೆ ಮೊದಲೇ ಅದು ದಂಡೆಗೆ ಹಾರಿತು. ಪೂರ್ತಿ ಹಾರಲಿಲ್ಲ.

ಮಾತಾದ ಕೂಲಿ ಅರ್ಧ ಮೊಲ. ಕೊನೆಗೆ ಸಂದದ್ದು ಅರ್ಧ ಬಾಲ. ಅದನ್ನು ಕೊಟ್ಟಿದ್ದು ನರಿ.

ನೀತಿ: ನಿಜವನ್ನು ಚೆನ್ನಾಗಿ ಕಟ್ಟಿ ಹೇಳಿದರೆ ಅದರೊಳಗೆ ಸುಳ್ಳಿಗೆ ಜಾಗ ಸಿಗದು, ಮೋಸದ ಕೂಲಿಯನ್ನು ಮೋಸಗಾರನೇ ತೆರುತ್ತಾನೆ.