ಲಿಲ್ಲಿಗೆ ಬಿಲ್ಲೆ ಕೊಡಿಸಿದ ಗವಿರಂಗ

ಒಂದು ಮನೆಯಲ್ಲಿ ಮೂವರಿದ್ದರು: ತಾಯಿ, ಮಗ, ನಾಯಿ. ಮೂವರಲ್ಲಿ ಬುದ್ಧಿ ಇದ್ದದ್ದು ಇಬ್ಬರಿಗೆ. ಮಗ ಆ ಇಬ್ಬರಲ್ಲಿ ಸೇರಿರಲಿಲ್ಲ.

ತಾಯಿ ರಂಗನಾಯಕಮ್ಮ. ಗಣಿ ಕಾಲನಿಯ ಆಸ್ಪತ್ರೆಯಲ್ಲಿ ಅಡುಗೆಮನೆಯ ಮೇಲ್ವಿಚಾರಣೆ ಅವರದು. ಅನ್ನ ಒಂದಿಷ್ಟು ಮೆತ್ತಗಾದರೂ ಸಹಿಸದ ಹೆಂಗಸು. ಮಗ ಗವಿರಂಗ. ಇಪ್ಪತ್ತಾರು ವರ್ಷಕ್ಕೆ ಅವನಿಗೆ ಮೀಸೆ ಚೆನ್ನಾಗಿ ಬಂದಿತ್ತು, ಬೇರೇನೂ ಬಂದಿರಲಿಲ್ಲ. ನಾಯಿ ಲಿಲ್ಲಿ. ಬೀದಿಯಲ್ಲಿ ಹುಟ್ಟಿದ್ದು, ಆದರೆ ಮರ್ಯಾದಸ್ಥ ನಾಯಿ.

ಗವಿಗೆ ಹೇಳಿದ್ದು ಮರೆಯುತ್ತಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. "ನೇರವಾಗಿ ಅಂಗಡಿಗೆ ಹೋಗು" ಎಂದರೆ, ರಸ್ತೆ ತಿರುಗಿದರೂ ಅವನು ತಿರುಗುತ್ತಿರಲಿಲ್ಲ. ಯಾರದೋ ಹಿತ್ತಲು, ಯಾರದೋ ಬಚ್ಚಲು, ಆಮೇಲೆ ಬಯಲು. ಆಗ ಲಿಲ್ಲಿ ಹುಡುಕಿಕೊಂಡು ಹೋಗಿ, ಅವನ ಪಂಚೆಯ ತುದಿಯನ್ನು ಬಾಯಲ್ಲಿ ಹಿಡಿದು, ಮನೆಗೆ ಎಳೆದು ತರುತ್ತಿತ್ತು. ತಾನು ಕೆಲಸದಲ್ಲಿರುವಾಗ ಮಗ ಕಳೆದುಹೋಗದೆ ಉಳಿದಿರುವುದು ಈ ನಾಯಿಯಿಂದ ಎಂಬುದು ರಂಗನಾಯಕಮ್ಮನವರಿಗೆ ಗೊತ್ತಿತ್ತು.

ಹೀಗಿರುವಾಗ ಕಾಲನಿಯ ಕಮಿಟಿಯವರು ಒಂದು ನಿಯಮ ಮಾಡಿದರು. ಕಾಲನಿಯಲ್ಲಿ ನಾಯಿ ಇರಬೇಕಾದರೆ ಅದು ಕ್ಲಬ್ಬಿನ ಅಡೆತಡೆ ಓಟದಲ್ಲಿ ಪಾಸಾಗಬೇಕು. ಪಾಸಾದ ನಾಯಿಯ ಕೊರಳಿಗೆ ಹಿತ್ತಾಳೆ ಬಿಲ್ಲೆ. ಬಿಲ್ಲೆ ಇಲ್ಲದ ನಾಯಿಗಳನ್ನು ದಸರಾ ಕಳೆದ ಸೋಮವಾರ ಗಾಡಿಯವರು ಹಿಡಿದು, ಘಾಟಿಯ ಆಚೆ ಬಿಟ್ಟು ಬರುತ್ತಾರೆ. ಅಲ್ಲಿಯವರೆಗೆ ಪ್ರತಿ ಭಾನುವಾರ ಓಟ.

ಭಾನುವಾರ ಆಸ್ಪತ್ರೆಗೆ ರಜವಿಲ್ಲ. ರಂಗನಾಯಕಮ್ಮನವರು ಮಗನನ್ನು ಎದುರಿಗೆ ಕೂರಿಸಿಕೊಂಡರು.

"ಲೋ ಗವಿ, ಕೇಳು. ಮೊದಲು ಕ್ಲಬ್ಬಿನಲ್ಲಿ ಹೆಸರು ಬರೆಸಬೇಕು. ಎತ್ತರ ಅಳೆಸಬೇಕು. ಹುಚ್ಚುನಾಯಿ ಸೂಜಿ ಹಾಕಿಸಬೇಕು. ಎಲ್ಲ ನೀನೇ ಮುಂದೆ ನಿಂತು ಮಾಡಿಸಿಕೊಂಡು ಬಾ. ತಿಳಿಯಿತಾ?"

"ತಿಳಿಯಿತಮ್ಮ."

ಕ್ಲಬ್ಬಿನಲ್ಲಿ ತೀರ್ಪುಗಾರರು ಮೇಜರ್ ಉತ್ತಯ್ಯನವರು. ಸೇನೆಯಿಂದ ನಿವೃತ್ತರು. ನಿಯಮದ ಪುಸ್ತಕ ಜೇಬಿನಲ್ಲಿಲ್ಲದೆ ಅವರು ಸ್ನಾನಕ್ಕೂ ಹೋಗುವುದಿಲ್ಲವೆಂದು ಜನ ಹೇಳುತ್ತಿದ್ದರು. ಅವರು ತಲೆ ಎತ್ತದೆ ಬರೆದುಕೊಳ್ಳತೊಡಗಿದರು.

"ಹೆಸರು?"

"ಗವಿರಂಗ."

"ನಾಯಿಗೆ ಒಳ್ಳೆಯ ಹೆಸರು. ವಯಸ್ಸು?"

"ಇಪ್ಪತ್ತಾರು."

"ತಿಂಗಳೋ?"

"ವರ್ಷ ಸಾರ್."

"ತಳಿ ಯಾವುದು?"

"ಅಮ್ಮನ ಕಡೆಯವರು ಹೊಸದುರ್ಗದವರು ಸಾರ್."

"ಎತ್ತರ? ಹೆಗಲವರೆಗೆ ಎಷ್ಟು?"

ಗವಿ ಗೋಡೆಗೆ ಬೆನ್ನು ಕೊಟ್ಟು ನಿಂತ. ಮೇಜರ್ ತಲೆ ಎತ್ತಿದರು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾಯಿ ಎಲ್ಲಿ ಎಂದು ಕೇಳಿದರು. ಮನೆಯಲ್ಲಿ ಮಲಗಿದೆ ಎಂದ ಗವಿ.

ಅಲ್ಲಿಂದ ಅವನು ನೆಟ್ಟಗೆ ಆಸ್ಪತ್ರೆಗೆ ಹೋಗಿ, ಹುಚ್ಚುನಾಯಿ ಸೂಜಿಗೆ ತೋಳು ಒಡ್ಡಿದ.

"ಎಲ್ಲಿ ಕಚ್ಚಿತಪ್ಪ?" ಎಂದರು ನರ್ಸಮ್ಮ.

"ಕಚ್ಚಿಲ್ಲ. ಓಡಬೇಕು."

ನಾಯಿ ಓಡಿಸಿಕೊಂಡು ಬಂದು ಕಚ್ಚಿರಬೇಕೆಂದುಕೊಂಡು ಅವರು ಚುಚ್ಚಿದರು.

ಸಂಜೆ ರಂಗನಾಯಕಮ್ಮನವರು ಊದಿದ ತೋಳನ್ನು ನೋಡಿದರು. "ಅಯ್ಯೋ ಪೆದ್ದೇ! ಓಡುವುದು ನೀನೋ, ನಾಯಿಯೋ? ಹೆಸರು ನಾಯಿಯದು! ಅಳತೆ ನಾಯಿಯದು! ಸೂಜಿ ನಾಯಿಗೆ! ಅಲ್ಲಿ ಎಲ್ಲದಕ್ಕೂ ನಾಯಿಯನ್ನು ಮುಂದೆ ಕಳಿಸು. ನೀನು ಆಚೆ ನಿಲ್ಲು. ತಿಳಿಯಿತಾ?"

"ಈಗ ತಿಳಿಯಿತಮ್ಮ."

ಆ ವಾರ ಹೆಸರನ್ನೂ ಅಳತೆಯನ್ನೂ ಸೂಜಿಯನ್ನೂ ತಾಯಿಯೇ ಸರಿಪಡಿಸಿದರು. ಭಾನುವಾರ ಬಂತು. ಕ್ಲಬ್ಬಿನ ಹುಲ್ಲಿನ ಮೇಲೆ ಹಾರಿ ದಾಟುವ ಕೋಲುಗಳು, ಬಟ್ಟೆಯ ಸುರಂಗ, ಏರಿಳಿಯುವ ಹಲಗೆ, ಸಾಲಾಗಿ ನೆಟ್ಟ ಕಡ್ಡಿಗಳು, ನಾಯಿ ಹತ್ತಿ ಕೂರಬೇಕಾದ ಮೇಜು, ಎಲ್ಲವೂ ಅಂಕೆ ಹಚ್ಚಿಕೊಂಡು ನಿಂತಿದ್ದವು.

ಮೇಜರ್ ಕೂಗಿದರು: "ಮೊದಲು ನಾಯಿ ಓಡಿಸುವವರು ಮಾತ್ರ ಒಳಗೆ ಬಂದು ದಾರಿ ನೋಡಿಕೊಳ್ಳಿ. ನಾಯಿಗಳು ಹೊರಗೆ!"

ಗವಿ ಲಿಲ್ಲಿಯನ್ನು ಒಳಗೆ ಕಳಿಸಿ, ತಾನು ಬೇಲಿಯ ಆಚೆ ನಾಯಿಗಳ ಸಾಲಿನಲ್ಲಿ ಕುಳಿತ. ಒಳಗೆ ಗಣಿಯ ಎಂಜಿನಿಯರುಗಳು, ಅವರ ಹೆಂಡಂದಿರು, ಬ್ಯಾಂಕಿನವರು ಕೈ ಹಿಂದೆ ಕಟ್ಟಿಕೊಂಡು ಗಂಭೀರವಾಗಿ ನಡೆಯುತ್ತಿದ್ದರು. ಅವರ ನಡುವೆ ಲಿಲ್ಲಿಯೂ ಗಂಭೀರವಾಗಿ ನಡೆಯಿತು. ಎಲ್ಲರೂ ನಿಂತು ಸುರಂಗ ನೋಡಿದಾಗ ಅದೂ ನಿಂತು ನೋಡಿತು.

"ಯಾರದಿದು?" ಎಂದರು ಮೇಜರ್. "ಓಟಕ್ಕೆ ಮುಂಚೆ ನಾಯಿ ಒಳಗೆ ಬಂದರೆ ರದ್ದು. ಪುಸ್ತಕದಲ್ಲಿದೆ."

ತಾಯಿ ಸಂಜೆ ಹಣೆ ಚಚ್ಚಿಕೊಂಡರು. "ಅಲ್ಲವೋ, ದಾರಿ ನೋಡಿಕೊಳ್ಳುವುದು ಮನುಷ್ಯರ ಕೆಲಸ ಕಣೋ! ಮೊದಲು ನೀನೊಬ್ಬನೇ ಹೋಗಬೇಕು. ಒಂದನೆಯದರಿಂದ ಕೊನೆಯದರವರೆಗೆ ಒಂದನ್ನೂ ಬಿಡದೆ ಹೋಗಿ ಬಾ. ಆಮೇಲೆ ನಾಯಿ. ತಿಳಿಯಿತಾ?"

"ಈಗ ತಿಳಿಯಿತಮ್ಮ."

ಮುಂದಿನ ಭಾನುವಾರ ಗವಿ ಒಬ್ಬನೇ ಒಳಗೆ ಹೋದ. ಒಂದನ್ನೂ ಬಿಡಲಿಲ್ಲ. ಪಂಚೆ ಎತ್ತಿಕಟ್ಟಿ ಕೋಲು ಹಾರಿದ. ಏರಿಳಿಯುವ ಹಲಗೆಯ ಮೇಲೆ ಏರಿದ. ಇಳಿಯುವಾಗ ಹಲಗೆ ಎರಡಾಯಿತು. ಮೇಜಿನ ಮೇಲೆ ನಾಲಿಗೆ ಹೊರಗೆ ಹಾಕಿ ಕುಳಿತ. ಕೊನೆಗೆ ಸುರಂಗದೊಳಗೆ ನುಗ್ಗಿ, ಹೆಗಲು ಸಿಕ್ಕಿಕೊಂಡು, ಅಲ್ಲೇ ನಿಂತ.

"ಒಳಗೆ ಯಾರು?" ಎಂದು ಮೇಜರ್ ಬಗ್ಗಿ ಕೇಳಿದರು.

"ದಾರಿ ನೋಡಿಕೊಳ್ಳುತ್ತಿದ್ದೇನೆ ಸಾರ್."

"ಏನು ಕಾಣುತ್ತಿದೆ?"

"ಏನೂ ಕಾಣುತ್ತಿಲ್ಲ ಸಾರ್."

ಬಟ್ಟೆ ಕತ್ತರಿಸಿ ಅವನನ್ನು ತೆಗೆದರು. ಸುರಂಗವಿಲ್ಲದ್ದರಿಂದ ಅಂದಿನ ಓಟವೇ ನಿಂತಿತು.

"ಹಾಳಾದವನೇ!" ಎಂದರು ತಾಯಿ. "ನೋಡಿಕೊಂಡು ಬಾ ಎಂದರೆ ಮುರಿದು ಬರುತ್ತೀಯಾ? ಇನ್ನು ಮೇಲೆ ಅಲ್ಲಿ ಏನನ್ನೂ ಮುಟ್ಟಬೇಡ! ಕೋಲು ಮುಟ್ಟಬೇಡ, ಹಲಗೆ ಮುಟ್ಟಬೇಡ. ಓಡುವಾಗ ನಾಯಿಯನ್ನೂ ಮುಟ್ಟಬಾರದು, ಅದೂ ನಿಯಮ. ಕೈ ಕಟ್ಟಿಕೊಂಡು ಪಕ್ಕದಲ್ಲಿ ಓಡು. ತಿಳಿಯಿತಾ?"

"ಈಗ ಪೂರ್ತಿ ತಿಳಿಯಿತಮ್ಮ."

ಮತ್ತೊಂದು ಭಾನುವಾರ. ಗವಿ ಕೈ ಕಟ್ಟಿಕೊಂಡು ಲಿಲ್ಲಿಯ ಜೊತೆ ಗೆರೆಯ ಹತ್ತಿರ ನಿಂತ.

"ಬೆಲ್ಟು, ಹಗ್ಗ ಬಿಚ್ಚಪ್ಪ," ಎಂದರು ಮೇಜರ್. "ನಾಯಿ ಬರಿಗೊರಳಲ್ಲಿ ಓಡಬೇಕು."

"ಮುಟ್ಟುವ ಹಾಗಿಲ್ಲ ಸಾರ್."

"ಮುಟ್ಟದೆ ಬಿಚ್ಚುವುದು ಹೇಗೆ?"

"ಅದನ್ನು ಅಮ್ಮ ಹೇಳಿಲ್ಲ ಸಾರ್."

ಈ ಮಾತುಕತೆ ಬೇಸರವಾಗಿ ಲಿಲ್ಲಿ ಓಡಿಯೇಬಿಟ್ಟಿತು. ಕೋಲು ಹಾರಿತು, ಹಲಗೆ ಏರಿತು, ಹೊಸ ಸುರಂಗದಲ್ಲಿ ನುಗ್ಗಿ ಹೊರಬಂತು. ಒಂದು ತಪ್ಪೂ ಇಲ್ಲ. ಆದರೆ ಹಿಂದೆ ಹರಿದಾಡುತ್ತಿದ್ದ ಹಗ್ಗ ಕಡ್ಡಿಗಳ ಸಾಲಿಗೆ ಸುತ್ತಿಕೊಂಡಿತು. ಲಿಲ್ಲಿ ಅಷ್ಟೂ ಕಡ್ಡಿಗಳನ್ನು ಕಿತ್ತು, ಸೌದೆ ಹೊರೆಯಂತೆ ಎಳೆದುಕೊಂಡು ಬಂದು ಮೇಜರ್ ಅವರ ಕಾಲ ಬಳಿ ಹಾಕಿತು. ಗವಿ ಪಕ್ಕದಲ್ಲಿ ಕೈ ಕಟ್ಟಿಕೊಂಡು ಓಡಿ ಬಂದ.

"ರದ್ದು," ಎಂದರು ಮೇಜರ್.

ಅಂದು ಸಂಜೆ ರಂಗನಾಯಕಮ್ಮನವರು ಬೈಯಲಿಲ್ಲ. ಗವಿಗೆ ಅದಕ್ಕೇ ಹೆದರಿಕೆಯಾಯಿತು. ಉಳಿದದ್ದು ಒಂದೇ ಭಾನುವಾರ, ಮರುದಿನ ಗಾಡಿ. ಅವರು ಸೀರೆ ಬದಲಿಸಿ, ಮೇಜರ್ ಅವರ ಮನೆಗೆ ಹೋದರು.

"ಸಾಹೇಬರೇ, ನಾಯಿಯನ್ನು ಮನೆಯವರಲ್ಲಿ ಯಾರು ಬೇಕಾದರೂ ಓಡಿಸಬಹುದೇ?"

ಮೇಜರ್ ಪುಸ್ತಕ ತೆಗೆದರು. "ಓಡಿಸಬಹುದು ರಂಗನಾಯಕಮ್ಮನವರೇ. ಆದರೆ ಓಡಿಸುವಾಗ ಮುಟ್ಟಬಾರದು, ತಿಂಡಿ ತೋರಿಸಬಾರದು. ಇನ್ನೊಂದು. ಓಟ ಮುಗಿದ ಮೇಲೆ ನಾಯಿಯೂ ಓಡಿಸಿದವರೂ ಒಂದೇ ಹಗ್ಗದಲ್ಲಿ ಮೈದಾನದಿಂದ ಹೊರಗೆ ಹೋಗಬೇಕು. ತಪ್ಪಿದರೆ ಪಾಸಾದದ್ದೂ ರದ್ದು."

"ಪುಸ್ತಕದಲ್ಲಿ ಇರುವುದು ಅಷ್ಟೇ ತಾನೇ?"

"ಇದ್ದದ್ದು ಇದ್ದ ಹಾಗೆ ನಡೆಯುತ್ತದೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ."

ಹಾಗಾಗಿ ಕೊನೆಯ ಭಾನುವಾರ, ಜನ್ಮದಲ್ಲಿ ಮೊದಲ ಸಲ ರಜ ಹಾಕಿ, ಐವತ್ತೆಂಟು ವರ್ಷದ ರಂಗನಾಯಕಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗನ ಕ್ಯಾನ್ವಾಸ್ ಬೂಟು ತೊಟ್ಟು ಮೈದಾನಕ್ಕೆ ಇಳಿದರು. ಲಿಲ್ಲಿಯ ಬೆಲ್ಟು, ಹಗ್ಗ ಬಿಚ್ಚಿ ಮಗನ ಕೈಗೆ ಕೊಟ್ಟರು.

"ಗವಿ, ನೀನು ಏನೂ ಮಾಡಬೇಡ. ಯೋಚನೆಯಂತೂ ಮಾಡಲೇಬೇಡ. ಆ ಕೊನೆಯ ಗೆರೆಯ ಹತ್ತಿರ ನಿಲ್ಲು. ಗೆರೆ ದಾಟಿ ಮೊದಲು ಬರುವ ಕೊರಳಿಗೆ ಈ ಬೆಲ್ಟು ಹಾಕು. ಹಗ್ಗ ಗಟ್ಟಿಯಾಗಿ ಹಿಡಿ. ಯಾರು ಹೇಳಿದರೂ ಬಿಡಬೇಡ. ತಿಳಿಯಿತಾ?"

"ತಿಳಿಯಿತಮ್ಮ. ಇದು ಸುಲಭ."

ಮೇಜರ್ ಸೀಟಿ ಊದಿದರು. "ಹಾರು! ಏರು! ಇಳಿ! ಒಳಗೆ ಹೋಗು!" ಎಂದು ರಂಗನಾಯಕಮ್ಮನವರು ಆಸ್ಪತ್ರೆಯ ಅಡುಗೆಯವರಿಗೆ ಹೇಳುವ ದನಿಯಲ್ಲಿ ಹೇಳಿದರು. ಆ ದನಿಗೆ ತಪ್ಪಿ ನಡೆದವರು ಆಸ್ಪತ್ರೆಯಲ್ಲೇ ಇರಲಿಲ್ಲ. ಲಿಲ್ಲಿ ಹಾರಿತು, ಏರಿತು, ಇಳಿಯಿತು, ಒಳಗೆ ಹೋಗಿ ಹೊರಗೆ ಬಂತು. ಕಡ್ಡಿಗಳ ನಡುವೆ ಹಾವಿನಂತೆ ಹರಿಯಿತು. ಮೇಜಿನ ಮೇಲೆ ಕುಳಿತು, ಮೇಜರ್ ಎಣಿಸಿ ಮುಗಿಸುವವರೆಗೂ ಕಿವಿ ಅಲ್ಲಾಡಿಸಲಿಲ್ಲ. ಉಳಿದದ್ದು ಒಂದೇ ಕೋಲು, ಆಮೇಲೆ ಗೆರೆ. ನಾಯಿಯ ಮುಂದೆ ಓಡುತ್ತ ಕರೆಯಬೇಕೆಂದು ರಂಗನಾಯಕಮ್ಮನವರು ಮುಂದೆ ಓಡಿದರು.

ಗೆರೆ ದಾಟಿ ಮೊದಲು ಬಂದವರು ಅವರೇ.

ಗವಿ ಬೆಲ್ಟು ಹಾಕಿದ. ಬಕಲು ಬಿಗಿದ. ಹಗ್ಗ ಹಿಡಿದ.

ಲಿಲ್ಲಿ ಕೊನೆಯ ಕೋಲನ್ನು ಹಾರಿ ಗೆರೆ ದಾಟಿತು. ತಪ್ಪಿಲ್ಲ, ತಡವಿಲ್ಲ. ಜನ ಚಪ್ಪಾಳೆ ತಟ್ಟಲು ಕೈ ಎತ್ತಿದವರು ಹಾಗೇ ನಿಂತರು.

"ಬಿಡೋ!" ಎಂದರು ರಂಗನಾಯಕಮ್ಮನವರು. ಏದುಸಿರು ಬಿಡುತ್ತಿದ್ದರು.

"ಯಾರು ಹೇಳಿದರೂ ಬಿಡಬೇಡ ಎಂದಿದ್ದೀಯಮ್ಮ."

"ನಾನು ನಿನ್ನ ತಾಯಿ ಕಣೋ!"

"ನೀನೂ ಹೇಳುತ್ತಿದ್ದೀಯಲ್ಲ."

ಬರಿಗೊರಳಿನ ಲಿಲ್ಲಿ ಇಬ್ಬರನ್ನೂ ನೋಡಿತು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂಬುದು ಅದಕ್ಕೆ ರೂಢಿಯಾಗಿತ್ತು. ಹತ್ತಿರ ಬಂದು ಗವಿಯ ಕೈಯಿಂದ ಹಗ್ಗದ ತುದಿಯನ್ನು ಬಾಯಲ್ಲಿ ತೆಗೆದುಕೊಂಡಿತು. ಯಾರು ಹೇಳಿದರೂ ಬಿಡಬೇಡ ಎಂದಿದ್ದರು. ಲಿಲ್ಲಿ ಏನೂ ಹೇಳಲಿಲ್ಲ. ಗವಿ ಬಿಟ್ಟುಕೊಟ್ಟ. ಲಿಲ್ಲಿ ಮನೆಯ ಕಡೆ ಮುಖ ಮಾಡಿ ನಡೆಯಿತು. ಹಗ್ಗದ ಇನ್ನೊಂದು ತುದಿಯಲ್ಲಿ ರಂಗನಾಯಕಮ್ಮನವರು, ಬೆನ್ನು ನೆಟ್ಟಗೆ ಮಾಡಿಕೊಂಡು, ಯಾರ ಮುಖವನ್ನೂ ನೋಡದೆ, ಮೈದಾನದಿಂದ ಹೊರಗೆ ನಡೆದರು.

ಮೇಜರ್ ಪುಸ್ತಕ ತೆಗೆದರು. ಓದಿದರು. ಮತ್ತೊಮ್ಮೆ ಓದಿದರು.

"ನಾಯಿ ಇದೆ. ಓಡಿಸಿದವರಿದ್ದಾರೆ. ಹಗ್ಗ ಒಂದೇ. ಯಾವ ತುದಿಗೆ ಯಾರೆಂದು ಇಲ್ಲಿ ಬರೆದಿಲ್ಲ." ಪುಸ್ತಕ ಮುಚ್ಚಿದರು. "ಪಾಸು!"

ಅವರೇ ಬೇಲಿಯ ಆಚೆ ಬಂದು ಹಿತ್ತಾಳೆ ಬಿಲ್ಲೆಯನ್ನು ಗವಿಯ ಕೈಗಿಟ್ಟರು. "ಈಗಲೇ ಬೆಲ್ಟಿಗೆ ಹಾಕಪ್ಪ. ಒಂದು ಮಾತು ನೆನಪಿಡು. ಇದು ಕೊರಳಿಂದ ಇಳಿಯಿತೋ, ಗಾಡಿಯವರು ಎತ್ತಿಕೊಂಡು ಹೋಗುತ್ತಾರೆ."

ಗವಿ ಬೆಲ್ಟಿಗೆ ಬಿಲ್ಲೆ ಹಾಕಿದ. ಬೆಲ್ಟು ಎಲ್ಲಿತ್ತೋ ಅಲ್ಲೇ.

ಕ್ಲಬ್ಬಿನ ಗೇಟು ದಾಟಿದ ಮೇಲೆ ರಂಗನಾಯಕಮ್ಮನವರಿಗೆ ಉಸಿರು ಬಂತು. "ಲೋ, ನಾಯಿ ಉಳಿಯಿತು, ಅಷ್ಟು ಸಾಕು. ಬೈಯುವುದನ್ನು ಮನೆಗೆ ಹೋಗಿ ನೋಡೋಣ. ಮೊದಲು ಇದನ್ನು ಬಿಚ್ಚು. ನನ್ನ ಕೈಗೆ ಬಕಲು ಸಿಗುತ್ತಿಲ್ಲ."

ಗವಿ ಎರಡು ಹೆಜ್ಜೆ ಹಿಂದೆ ಸರಿದ. ಅವನ ಕಣ್ಣಲ್ಲಿ ನೀರು ತುಂಬಿತ್ತು.

"ಬೇಡಮ್ಮ! ಬಿಚ್ಚಿದರೆ ಗಾಡಿಯವರು ನಿನ್ನನ್ನು ಘಾಟಿಯ ಆಚೆ ಬಿಟ್ಟು ಬರುತ್ತಾರೆ. ಆಮೇಲೆ ನನಗೆ ಯಾರಿದ್ದಾರೆ?"

ರಂಗನಾಯಕಮ್ಮನವರು ಬಕಲಿನಿಂದ ಕೈ ತೆಗೆದರು. ಲಿಲ್ಲಿ ಹಗ್ಗ ಎಳೆಯಿತು.