ಗಾಳಿಗೆ ಹಾಲವ್ವ ನೂಲಲು ಕಲಿಸಿದ್ದು

ಭೂಮಿ ಆಗಿನ್ನೂ ಹೊಸದು, ಮಗೂ. ಬೆಟ್ಟಗಳ ಮಣ್ಣು ಹಸಿಹಸಿಯಾಗಿತ್ತು. ಯಾವ ಕಡೆ ಹರಿಯೋಣ ಅಂತ ಹೊಳೆಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು.

ಆಗ ಗಾಳಿಗೆ ನೆಟ್ಟಗೆ ಹೋಗುವುದೊಂದೇ ಗೊತ್ತಿತ್ತು. ಬಂದರೆ ನೆಟ್ಟಗೆ, ಹೋದರೆ ನೆಟ್ಟಗೆ. ಮರ ಅಡ್ಡ ಬಂದರೆ ಬಾಗಿಸುತ್ತಿತ್ತು, ಗುಡ್ಡ ಅಡ್ಡ ಬಂದರೆ ಹತ್ತಿ ಇಳಿಯುತ್ತಿತ್ತು. ಸುತ್ತಿಕೊಂಡು ಹೋಗುವುದು ಅದಕ್ಕೆ ಗೊತ್ತೇ ಇರಲಿಲ್ಲ.

ಬಯಲಲ್ಲಿ ಹಾಲವ್ವ ಅಂತ ಕುರಿ ಕಾಯುವ ಮುದುಕಿ ಇದ್ದಳು. ಅವಳಿಗೆ ಹನ್ನೊಂದು ಕರಿಕುರಿ, ಮಾಯವ್ವ ಅನ್ನುವ ಸೊಸೆ, ಮತ್ತೊಂದು ಕದಿರು. ಕದಿರು ಅಂದರೆ ಉಣ್ಣೆ ನೂಲುವ ಕಡ್ಡಿ. ಎರಡು ಚಿಕ್ಕ ಮರದ ಪಟ್ಟಿಗಳನ್ನು ಅಡ್ಡಡ್ಡ ಕೂಡಿಸಿ, ನಡುವಿನ ತೂತಿಗೆ ಉದ್ದ ಕಡ್ಡಿ ಸಿಕ್ಕಿಸಿದ್ದಳು. ಉಣ್ಣೆಯ ತುದಿ ಅದಕ್ಕೆ ಕಟ್ಟಿ, ಬೆರಳಲ್ಲಿ ತಿರುವಿ ಬಿಟ್ಟರೆ ಕದಿರು ಗರಗರ ತಿರುಗುತ್ತಾ ಕೆಳಗಿಳಿಯುತ್ತಿತ್ತು. ಅವಳ ಬೆರಳುಗಳ ನಡುವಿನಿಂದ ನೂಲು ಬರುತ್ತಿತ್ತು. ಬಂದ ನೂಲನ್ನು ಪಟ್ಟಿಗಳಿಗೇ ಸುತ್ತುವಳು. ಕೊನೆಗೆ ಕಡ್ಡಿ ಎಳೆದು ಪಟ್ಟಿಗಳನ್ನು ಜಾರಿಸಿದರೆ, ಅಂಗೈಯಲ್ಲಿ ದುಂಡನೆಯ ನೂಲಿನ ಉಂಡೆ!

ಮಾಯವ್ವ ತುಂಬು ಬಸುರಿ. ಚಳಿ ಬರುವುದರೊಳಗೆ ಕೂಸಿಗೊಂದು ಕಂಬಳಿ ಆಗಲೇಬೇಕಿತ್ತು.

ಒಂದು ಬೆಳಿಗ್ಗೆ ಗಾಳಿ ಆ ದಾರಿಯಲ್ಲಿ ಬಂತು. ಕದಿರು ಕಂಡಿತು. ಇಷ್ಟು ಚೆಂದಾಗಿ ತಿರುಗುವುದನ್ನು ಅದು ಎಂದೂ ನೋಡಿರಲಿಲ್ಲ. ಹತ್ತಿರದಿಂದ ನೋಡೋಣ ಅಂತ ಭರ್ರನೆ ನುಗ್ಗಿತು. ಬುಟ್ಟಿಯ ಉಣ್ಣೆಯೆಲ್ಲ ಹಾರಿಹೋಯಿತು.

“ಅಯ್ಯೋ, ನನ್ನ ಉಣ್ಣೆ!” ಹಾಲವ್ವ ಹಿಂದೆಯೇ ಓಡಿದಳು. ಕಲ್ಲು ಎಡವಿ ಬಿದ್ದಳು. ಬಲಗೈ ಮಣಿಕಟ್ಟು ಉಳುಕಿ, ನೋಡುತ್ತಿದ್ದಂತೆಯೇ ಊದಿಕೊಂಡಿತು.

ಗಾಳಿ ಬಯಲಿನ ಆ ತುದಿಯಿಂದ ಮೆಲ್ಲಗೆ ವಾಪಸು ಬಂತು.

“ನಾನು ನೋಡೋಕೆ ಬಂದೆ ಅಜ್ಜಿ, ಅಷ್ಟೇ.”

“ನೋಡೋರು ನಿಂತು ನೋಡ್ತಾರೆ ಕಣೋ!”

“ನಿಂತರೆ ನಾನು ಇರೋದೇ ಇಲ್ಲವಲ್ಲ ಅಜ್ಜಿ.”

ಹಾಲವ್ವ ಎದ್ದು ಕೂತು ಖಾಲಿ ಬುಟ್ಟಿಯನ್ನು ಎಳೆದುಕೊಂಡಳು. ಪಾಪ, ಅದು ಹೇಳಿದ್ದು ನಿಜ. ಆದರೆ ಕುರಿಗಳ ಮೈಮೇಲೆ ಮತ್ತೆ ಉಣ್ಣೆ ಬೆಳೆಯಲು ಆರು ತಿಂಗಳು ಬೇಕು. “ಹುಟ್ಟೋ ಕೂಸಿಗೆ ಕಂಬಳಿ ಆಗಬೇಕಿತ್ತು ಕಣೋ. ಕೂಸು ಅಷ್ಟು ದಿನ ಕಾಯುತ್ತಾ?” ಅಂದಳು. ಅವಳ ಕಣ್ಣಲ್ಲಿ ನೀರು ಬಂತು.

ಅದನ್ನು ನೋಡಿದ್ದೇ ಗಾಳಿ ಹೊರಟಿತು. ಜಾಲಿ ಮುಳ್ಳಿನಿಂದ ಒಂದು ಎಳೆ, ಕತ್ತಾಳೆಯ ತುದಿಯಿಂದ ಒಂದು ಎಳೆ, ಗೀಜಗನ ಗೂಡಿನ ಬಾಗಿಲಿಂದ ಇನ್ನೊಂದು. ಗೀಜಗ ಜಗಳಕ್ಕೇ ನಿಂತಿತು. “ಕೂಸಿಗೆ ಕಂಬಳಿ ಕಣಯ್ಯ,” ಅಂತ ಗಾಳಿ ಅಂದ ಮೇಲೆ ಕೊಟ್ಟಿತು. ಹೊತ್ತು ಮುಳುಗುವಷ್ಟರಲ್ಲಿ ಬುಟ್ಟಿ ತುಂಬಿತ್ತು.

“ಉಣ್ಣೆ ಬಂತು, ಸರಿ,” ಅಂದಳು ಹಾಲವ್ವ. “ಕದಿರು ತಿರುಗಿಸೋ ಕೈ ಎಲ್ಲಿದೆ?”

“ನಾನು ತಿರುಗಿಸ್ತೀನಿ ಅಜ್ಜಿ.”

ಮರುದಿನ ಗಾಳಿ ಕದಿರನ್ನು ನೂಕಿತು, ನೆಟ್ಟಗೆ. ಕದಿರು ತೂಗಾಡಿ ಹಾಲವ್ವನ ಮೊಣಕಾಲಿಗೆ ಬಡಿಯಿತು. ಇನ್ನೊಮ್ಮೆ ನೂಕಿತು. ಇನ್ನೊಂದು ಮೊಣಕಾಲಿಗೂ ಬಡಿಯಿತು. ಒಲೆಯ ಮುಂದೆ ಕೂತಿದ್ದ ಮಾಯವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ನನಗೆ ಬರಲ್ಲ,” ಅಂತ ಗಾಳಿ ಮುಖ ಸಣ್ಣದು ಮಾಡಿತು.

“ಬರುತ್ತೆ, ಬಾ. ನಿಲ್ಲು ಅಂತ ನಾನು ಹೇಳಲ್ಲ. ಹೋಗ್ತಾನೇ ಇರು, ಆದರೆ ನನ್ನ ಬಿಟ್ಟು ಹೋಗಬೇಡ. ನನ್ನ ಸುತ್ತಾನೇ ಹೋಗು.”

ಗಾಳಿ ಹಾಲವ್ವನ ಸುತ್ತ ಹೋಯಿತು. ಮೊದಲ ದಿನ ಅವಳ ಸೆರಗು ಕುತ್ತಿಗೆಗೆ ಸುತ್ತಿಕೊಂಡಿತು. ಎರಡನೆಯ ದಿನ ಹನ್ನೊಂದು ಕುರಿಗಳಿಗೂ ತಲೆ ಸುತ್ತು ಬಂತು. ಮೂರನೆಯ ದಿನ ಗಾಳಿ ಸಣ್ಣಗೆ, ಇನ್ನೂ ಸಣ್ಣಗೆ ಸುತ್ತಿ ಸುತ್ತಿ, ಕಡೆಗೆ ಕದಿರಿನ ಪಟ್ಟಿಗಳನ್ನು ಹಿಡಿಯಿತು. ಕದಿರು ಗರಗರ ತಿರುಗಿತು!

“ಹಾಂ! ಹಂಗೇ, ನನ್ನಪ್ಪಾ, ಹಂಗೇ!” ಅಂದಳು ಹಾಲವ್ವ.

ಗಾಳಿ ತಿರುಗಿಸಿತು, ಹಾಲವ್ವ ಎಡಗೈಯಲ್ಲಿ ಎಳೆ ಬಿಟ್ಟಳು. ಒಂದೊಂದಾಗಿ ಉಂಡೆಗಳು ಇಳಿದವು. ಮಾಯವ್ವ ಕೂತು ನೇಯ್ದಳು. ಚಳಿ ಬಯಲಿಗೆ ಕಾಲಿಟ್ಟ ದಿನವೇ ಹೆಣ್ಣುಕೂಸು ಹುಟ್ಟಿತು. ಕಂಬಳಿಯಲ್ಲಿ ಸುತ್ತಿದಾಗ ಕೂಸು ಬೆಚ್ಚಗೆ ಆಕಳಿಸಿತು. ಗಾಳಿ ಬಾಗಿಲಲ್ಲೇ ಮೆಲ್ಲಗೆ ಸುತ್ತುತ್ತಾ ನೋಡಿತು.

ಬೇಸಿಗೆ ಬಂತು. ಹಾಲವ್ವನ ಕೈ ವಾಸಿಯಾಗಿತ್ತು.

“ಅಜ್ಜಿ, ಇನ್ನೊಂದು ಕಂಬಳಿಗೆ ನಾನೊಬ್ಬನೇ ನೂಲಿ ಕೊಡ್ತೀನಿ,” ಅಂತ ಹೇಳಿ ಗಾಳಿ, ಕೊಯ್ಲು ಮುಗಿದ ಹೊಲಕ್ಕೆ ಓಡಿತು. ಹುಲ್ಲು, ತರಗೆಲೆ, ಕೆಂಪು ಧೂಳು, ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಗರಗರ ತಿರುಗಿತು. ಎತ್ತರಕ್ಕೆ, ಇನ್ನೂ ಎತ್ತರಕ್ಕೆ. ಆದರೆ ನೂಲು ಬರಲಿಲ್ಲ. ಎಳೆ ಬಿಡಲು ಬೆರಳು ಬೇಕಲ್ಲ, ಮಗೂ? ಗಾಳಿಗೆ ಬೆರಳೆಲ್ಲಿ?

ಹಾಲವ್ವ ಆ ಮಾತನ್ನು ಅದಕ್ಕೆ ಹೇಳಲೇ ಇಲ್ಲ. ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಹೊಲದ ಕಡೆ ತೋರಿಸಿದಳು. “ನೋಡೇ, ನಿಮ್ಮ ಗಾಳಿಮಾವ ನಿನಗೋಸ್ಕರ ನೂಲ್ತಾ ಇದ್ದಾನೆ.”

ಅದಕ್ಕೇ ಇವತ್ತಿಗೂ ಬೇಸಿಗೆಯ ಮಧ್ಯಾಹ್ನ ಖಾಲಿ ಹೊಲದಲ್ಲಿ ಸುಂಟರಗಾಳಿ ಏಳುತ್ತದೆ. ಹುಲ್ಲು, ಎಲೆ, ಧೂಳನ್ನೆಲ್ಲ ಎತ್ತಿಕೊಂಡು ಗರಗರ ತಿರುಗಿ, ನೂಲು ಬಾರದೆ ಎಲ್ಲವನ್ನೂ ಮೆಲ್ಲಗೆ ಕೆಳಗಿಟ್ಟು, ಪಕ್ಕದ ಹೊಲದಲ್ಲಿ ಮತ್ತೆ ಶುರು ಮಾಡುತ್ತದೆ.